ಮಾಸ್ತರರ ಜೂನ್ ಒಂದು

ನನ್ನ ನಾದಿನಿ ಖಾನಾಪುರದಿಂದ ಬೆಳಗಾವಿಯ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಸೀರೆ ಅಂಗಡಿಯ ಚೀಲ, ಅದರೊಳಗೆ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡಿನ ಝೆರಾಕ್ಸು. ಖಾನಾಪುರದ ಜೂನ್ ಮಳೆಯಲ್ಲಿ ಕಾಗದ ಉಳಿಸಿಕೊಳ್ಳಬೇಕೆಂದರೆ ಇಷ್ಟು ಪದರ ಬೇಕೇ ಬೇಕು. ಚಹಾ ಕುಡಿದು ಕಪ್ಪು ತೊಳೆದಿಟ್ಟು ಬಂದು ಕುಳಿತಳು.

“ವೈನಿ, ನಾ ಮತ್ತ ಸಾಲಿಗೆ ಹೋಗಬೇಕಂತ ಮಾಡೇನ್ರಿ.”

“ಯಾವ ಸಾಲಿಗೆವಾ?”

“ನರ್ಸಿಂಗ್‌ಗೆ. ಎಎನ್‌ಎಂ ಅಂತಾರಲ್ಲ, ಎರಡ ವರ್ಷದ್ದು.”

“ಮನ್ಯಾಗ ಏನಂದ್ರು?”

“ಅವ್ರು ‘ನೋಡು’ ಅಂದಾರ. ನಮ್ಮ ಅತ್ತಿ ಇನ್ನೂ ಏನೂ ಅಂದಿಲ್ರಿ.”

ನಮ್ಮ ಕಡೆ ಗಂಡ ‘ನೋಡು’ ಅಂದರೆ ಹೂಂ ಅಂದ ಹಾಗೂ ಅಲ್ಲ, ಊಹೂಂ ಅಂದ ಹಾಗೂ ಅಲ್ಲ. ಆದರೆ ನನಗೆ ಚಿಂತೆ ಹಚ್ಚಿದ್ದು ಅದಲ್ಲ, ಮಾರ್ಕ್ಸ್ ಕಾರ್ಡಿನಲ್ಲಿದ್ದ ಜನ್ಮ ದಿನಾಂಕ. ಜೂನ್ 1.

ಉತ್ತರ ಕರ್ನಾಟಕದಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಅಪ್ಪ ಮಗುವಿನ ಕೈ ಹಿಡಿದುಕೊಂಡು ಸಾಲಿಗೆ ಬರುತ್ತಿದ್ದ, ‘ಯಾವಾಗ ಹುಟ್ಟೇದ?’ ಅಂದರೆ ‘ಪಂಚಮಿ ಮರುದಿನ’ ಅನ್ನುತ್ತಿದ್ದ. ಪಂಚಮಿಯನ್ನು ರಜಿಸ್ಟರಿನಲ್ಲಿ ಬರೆಯಲು ಬರುವುದಿಲ್ಲವಲ್ಲ! ಸಾಲಿ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಬೇಕು ಎಂದು ಮಾಸ್ತರರು ಜೂನ್ 1 ಎಂದು ಬರೆದು, ಬೇಕಾದರೆ ವರ್ಷವನ್ನೂ ಒಂದು ಹಿಂದಕ್ಕೆ ಸರಿಸುತ್ತಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ. ಮಗು ಒಂದು ವರ್ಷ ಮೊದಲೇ ಅಕ್ಷರ ಕಲಿಯಲಿ ಎಂದು. ಆದರೆ ನನ್ನ ನಾದಿನಿಗೆ ಕಾರ್ಡಿನ ಪ್ರಕಾರ ಈಗ 34 ತುಂಬಿದೆ, ನಮ್ಮ ಅತ್ತೆಯ ಪಂಚಮಿ ಲೆಕ್ಕದಲ್ಲಿ ಇನ್ನೂ 33 ತುಂಬಿಲ್ಲ. ಎಎನ್‌ಎಂ ಸೇರಲು ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿರುವ ವಯಸ್ಸಿನ ಮಿತಿ 17ರಿಂದ 35. ಅಂದರೆ ಕಾರ್ಡಿನ ಲೆಕ್ಕದಲ್ಲಿ ಉಳಿದದ್ದು ಇದೊಂದೇ ವರ್ಷ. ತಾರೀಖು ತಿದ್ದಿಸುತ್ತೇವೆ ಎಂದರೆ ಕೋರ್ಟು ಹತ್ತಬೇಕು, ಅದು ಮುಗಿಯುವುದರೊಳಗೆ 35 ದಾಟಿರುತ್ತದೆ. ಮೂವತ್ತು ವರ್ಷದ ಹಿಂದೆ ಒಬ್ಬ ಮಾಸ್ತರರು ಅಂದಾಜಿನಲ್ಲಿ ಬರೆದ ಒಂದು ಸಾಲು ಈಗ ಬಂದು ಬಾಗಿಲಿಗೆ ಅಡ್ಡ ನಿಂತಿತ್ತು.

ಎಎನ್‌ಎಂ ಎಂದರೆ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್. ಅಮೆರಿಕ, ಕೆನಡಾಗಳಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ಒಂದು ದರ್ಜೆ ಇದೆ. ಪದವಿ ಓದಿದ ನರ್ಸಿಗಿಂತ ಕಡಿಮೆ ಅವಧಿಯ ಓದು, ಪರೀಕ್ಷೆ, ಲೈಸೆನ್ಸು, ಹಾಸಿಗೆ ಪಕ್ಕದ ಕೆಲಸ. ಮಕ್ಕಳನ್ನು ಬೆಳೆಸಿ, ಬೇರೆ ಕೆಲಸ ಬಿಟ್ಟು, ನಲವತ್ತರ ಮೇಲೆ ಆ ತರಗತಿಗೆ ಬರುವ ಹೆಂಗಸರು ಅಲ್ಲಿ ಅಪರೂಪವಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಎಎನ್‌ಎಂ. ಒಂದು ವ್ಯತ್ಯಾಸವಿದೆ: ಅಲ್ಲಿಯವಳು ಹೆಚ್ಚಾಗಿ ಆಸ್ಪತ್ರೆ ಮತ್ತು ವೃದ್ಧಾಶ್ರಮದವಳು, ನಮ್ಮವಳು ಊರಿನವಳು. ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1951ರಲ್ಲಿ ಶುರುವಾದ ಈ ಕೋರ್ಸಿನ ಉದ್ದೇಶವೇ ಹಳ್ಳಿಯ ಹೆರಿಗೆಗೆ ಕಲಿತ ಕೈ ಒದಗಿಸುವುದಾಗಿತ್ತು. 1973ರ ಕರ್ತಾರ್ ಸಿಂಗ್ ಸಮಿತಿಯ ನಂತರ ಅವಳ ಹೆಗಲಿಗೆ ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ಕ್ಷಯ ಎಲ್ಲ ಬಂದವು. ಕರ್ನಾಟಕದಲ್ಲಿ ಅವಳ ಹುದ್ದೆಗೆ ಬಹಳ ಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಹೆಸರಿತ್ತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಹೆಸರು ಎಷ್ಟೇ ಉದ್ದವಾದರೂ ಊರಿನ ಬಾಯಲ್ಲಿ ಅವಳು ‘ಸಿಸ್ಟರ್’, ಹಳಬರ ಬಾಯಲ್ಲಿ ‘ನರ್ಸಬಾಯಿ’.

ಸೇರಲು ಪಿಯುಸಿ ಪಾಸಾಗಿರಬೇಕು, ಯಾವ ವಿಭಾಗವಾದರೂ ನಡೆಯುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ‘ನಂದು ಆರ್ಟ್ಸ್ ರೀ, ನನಗೆಲ್ಲಿ ನರ್ಸಿಂಗ್’ ಎಂದು ಕೈಬಿಟ್ಟವರನ್ನು ನಾನೇ ಇಬ್ಬರನ್ನು ಕಂಡಿದ್ದೇನೆ. ಪಿಯುಸಿ ಅರ್ಧಕ್ಕೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ. ಎರಡು ವರ್ಷದ ಓದಿನಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಮೊದಲ ವರ್ಷ ಸಮುದಾಯ ಆರೋಗ್ಯ, ಪೌಷ್ಟಿಕತೆ, ರೋಗ ತಡೆ, ಪ್ರಥಮ ಚಿಕಿತ್ಸೆ, ಮಕ್ಕಳ ಆರೈಕೆ. ಎರಡನೇ ವರ್ಷ ಹೆರಿಗೆ ಮತ್ತು ಆರೋಗ್ಯ ಕೇಂದ್ರದ ನಿರ್ವಹಣೆ. ಮುಗಿದ ಮೇಲೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ. ಆ ನೋಂದಣಿ ಸಂಖ್ಯೆ ಬಂದಾಗಲೇ ಅವಳು ನರ್ಸು, ಅಲ್ಲಿಯವರೆಗೆ ಅಲ್ಲ.

ಎಎನ್‌ಎಂ ಮೇಲಿನ ಮೆಟ್ಟಿಲು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಅದಕ್ಕೂ ವಯಸ್ಸು 35ರೊಳಗೇ ಇರಬೇಕು. ಆದರೆ ನೋಂದಾಯಿತ ಎಎನ್‌ಎಂಗೆ ಆ ಮಿತಿ ಇಲ್ಲ. ಅಂದರೆ 35ರೊಳಗೆ ಎಎನ್‌ಎಂ ಬಾಗಿಲು ದಾಟಿದ ಹೆಂಗಸು ನಲವತ್ತಕ್ಕೂ ಜಿಎನ್‌ಎಂ ಓದಬಹುದು, ಅದರ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಕಡೆಗೂ ಹೋಗಬಹುದು. ದಾಟದೆ ಉಳಿದವಳಿಗೆ ಮೇಲಿನ ಮೆಟ್ಟಿಲೂ ಇಲ್ಲ. ನಲವತ್ತರ ಹೆಂಗಸಿನ ತಲೆಗೆ ಓದು ಹತ್ತುತ್ತದೆ ಎಂದು ಪರಿಷತ್ತೇ ಒಪ್ಪಿಕೊಂಡ ಮೇಲೆ ಕೆಳಗಿನ ಬಾಗಿಲಿಗೆ ಮಾತ್ರ 35ರ ಚಿಲಕ ಯಾಕೆ? ನನಗಂತೂ ಇದರ ತರ್ಕ ತಿಳಿದಿಲ್ಲ. ಅದರಲ್ಲೂ ಈ ಕೆಲಸಕ್ಕೆ. ಬಸುರಿ ಹೆಂಗಸು ಹತ್ತೊಂಬತ್ತರ ಹುಡುಗಿಯ ಮುಂದೆ ಹೇಳದ ಮಾತನ್ನು, ಎರಡು ಹೆತ್ತು ಮೂವತ್ತೆಂಟು ದಾಟಿದವಳ ಮುಂದೆ ಹೇಳುತ್ತಾಳೆ. 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ, 1947ರ ಕಾಯ್ದೆಯ ಪರಿಷತ್ತಿನ ಜಾಗಕ್ಕೆ ಹೊಸ ಆಯೋಗ ಬರಬೇಕು. ಹೊಸ ನಿಯಮ ಬರೆಯುವವರು ಈ ಚಿಲಕವನ್ನೊಮ್ಮೆ ನೋಡಿದರೆ ಒಳ್ಳೆಯದು.

ಸುದ್ದಿ ತಿಳಿದ ಓಣಿಯವರು ನಾದಿನಿಗೆ ಹೇಳಿದ್ದು ಒಂದೇ ಮಾತು: ‘ನೀ ಆಗಲೇ ನರ್ಸ್ ಇದ್ದಿ ಬಿಡವಾ, ಮಾವನ್ನ ಎರಡ ವರ್ಷ ಮಾಡಿಲ್ಲೇನು?’ ಹೊಗಳಿಕೆಯೇ ಸರಿ. ಆದರೆ ಅದನ್ನು ಅವಳೇ ಒಪ್ಪಲಿಲ್ಲ.

ಅವಳ ಮಾವನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಗಂಡ ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಒಯ್ಯುವ ಟೆಂಪೊ ಓಡಿಸುತ್ತಾನೆ, ಮಧ್ಯರಾತ್ರಿ ಹೊರಟರೆ ಮರುದಿನ ಮಧ್ಯಾಹ್ನವೇ ಮನೆ. ಹಾಗಾಗಿ ಎತ್ತುವುದು, ಒರೆಸುವುದು, ಉಣ್ಣಿಸುವುದು ಎಲ್ಲ ಇವಳ ಪಾಲು. ಮನಸ್ಸಿಟ್ಟು ಮಾಡಿದಳು. ಆದರೂ ಮೂರನೇ ತಿಂಗಳಿಗೆ ಮಾವನ ಬೆನ್ನ ಕೆಳಗೆ ಎಲುಬಿನ ಮೇಲೆ ಚರ್ಮ ಕೆಂಪಾಗಿ, ಕೆಂಪು ಹೋಗಿ ಕಪ್ಪಾಗಿ, ಕೊನೆಗೆ ಹುಣ್ಣಾಯಿತು. ಅರಿಶಿಣ ಹಚ್ಚಿದಳು, ಪೌಡರ್ ಹಾಕಿದಳು. ಹುಣ್ಣು ಆಳಕ್ಕಿಳಿಯಿತು. ಆಗ ಮನೆಗೆ ಬಂದ ಸಿಸ್ಟರ್ ಹುಣ್ಣು ತೊಳೆದು ಪಟ್ಟಿ ಕಟ್ಟಿ, ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರಿನ ಪಕ್ಕ ಪೆನ್ಸಿಲ್‌ನಿಂದ ಬರೆದರಂತೆ: 6 ಎಡ, 8 ಅಂಗಾತ, 10 ಬಲ, 12 ಎಡ. ಎರಡೆರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಹಾಗೆ ಬದಲಿಸಿದಾಗೆಲ್ಲ ಆ ಅಂಕಿಯ ಮುಂದೆ ಗೀಟು ಹಾಕಬೇಕು. ಅಷ್ಟೇ.

“ನಾನೂ ಹೊಳ್ಳಸ್ತಿದ್ದೆ ವೈನಿ. ಆದ್ರ ನೆನಪಾದಾಗ ಹೊಳ್ಳಸ್ತಿದ್ದೆ. ಅವ್ರು ತಾಸು ಹಾಕಿ ಕೊಟ್ರು. ಹುಣ್ಣು ಮಾಯಾತು.”

ಮಾವ ತೀರಿಹೋಗಿ ಒಂದೂವರೆ ವರ್ಷವಾಯಿತು. ಆ ಗೋಡೆಗೆ ಸುಣ್ಣ ಬಳಿಯುವಾಗ ಕ್ಯಾಲೆಂಡರಿನ ಪಕ್ಕದ ಒಂದು ಗೇಣು ಜಾಗವನ್ನು ಅವಳು ಹಾಗೇ ಬಿಟ್ಟಿದ್ದಾಳೆ.

ನೆನಪಾದಾಗ ಮಾಡುವುದಕ್ಕೂ ತಾಸು ಹಾಕಿ ಮಾಡುವುದಕ್ಕೂ ಇರುವ ಅಂತರವೇ ಆ ಎರಡು ವರ್ಷದ ಓದು. ಪ್ರೀತಿ ಮನೆಯಲ್ಲೇ ಸಿಗುತ್ತದೆ, ಅಳತೆ ಕಲಿಯಲು ಸಾಲಿಗೇ ಹೋಗಬೇಕು. ಬಸುರಿಯ ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿ ‘ರಕ್ತ ಕಡಿಮಿ ಅದ’ ಅನ್ನಲು ನಮ್ಮ ಅಜ್ಜಿಗೂ ಬರುತ್ತಿತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಮಾತ್ರೆ, 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ ಎಂದು ತಾಯಿ ಕಾರ್ಡಿನಲ್ಲಿ ಅಂಕಿ ಬರೆಯುವವಳು ನರ್ಸು. ಎಳೆಗೂಸು ‘ಏದುಸಿರು ಬಿಡಾಕತ್ತೇದ’ ಎಂದು ತಾಯಿ ಹೇಳುತ್ತಾಳೆ. ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿ, ಎರಡು ತಿಂಗಳೊಳಗಿನ ಕೂಸಿನ ಉಸಿರು 60 ಮುಟ್ಟಿದರೆ ಅಪಾಯ ಎನ್ನುವವಳು ನರ್ಸು. ಲಸಿಕೆಯ ಸಣ್ಣ ಶೀಶೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಶೀಶೆಗೆ ಬಿಸಿ ತಾಗುತ್ತ ಹೋದ ಹಾಗೆ ಒಳಗಿನ ಚೌಕ ಕಪ್ಪಾಗುತ್ತ ಬರುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂದರೆ ಆ ಲಸಿಕೆ ಹಾಕುವ ಹಾಗಿಲ್ಲ. ಕರೆಂಟು ಹೋಗುವ ಊರಿನಲ್ಲಿ, ಹೆಗಲಿಗೆ ಐಸ್ ಪೆಟ್ಟಿಗೆ ಹಾಕಿಕೊಂಡು ನಡೆದ ಹೆಂಗಸು ಆ ಚೌಕವನ್ನು ನೋಡಿಯೇ ಸೂಜಿಗೆ ಕೈ ಹಚ್ಚುತ್ತಾಳೆ.

ಅಂದಾಜಿನ ಬದಲು ಅಳತೆ ಬಂದರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ ಒಂದು ಕೆಲಸ ಇದೇ ಬೆಳಗಾವಿ ಜಿಲ್ಲೆಯಲ್ಲಿ ಆಗಿದೆ. ಅದನ್ನು ಕೈಯಾರೆ ಮಾಡಿದವರು ಎಎನ್‌ಎಂಗಳು. ನಮ್ಮೂರಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡದೆ ಮೆತ್ತಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಅರ್ಧ ಲೀಟರ್ ದಾಟಿದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ. ಮೊದಲೇ ರಕ್ತ ಕಡಿಮೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಅಷ್ಟು ಹೋದರೂ ಜೀವಕ್ಕೆ ಮುಟ್ಟುತ್ತದೆ. ಗರ್ಭಕೋಶ ಗಟ್ಟಿ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ನು ತಂಪಿನಲ್ಲಿರಬೇಕು, ಸೂಜಿ ಹಾಕಲು ಕಲಿತ ಕೈ ಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ನಡೆಯುತ್ತಿದ್ದ ಕಾಲದಲ್ಲಿ ಇವೆರಡೂ ದುಬಾರಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಸುಮಾರು ಶೇ 65 ಮಾತ್ರ ಇತ್ತು.

ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದು ಹಳ್ಳಿಯಲ್ಲಿ ಕೆಲಸ ಮಾಡುತ್ತದೆಯೇ? ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಭಾಲಚಂದ್ರ ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮುಂತಾದವರು 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿದರು. 1,620 ಹೆರಿಗೆಗಳು, ಮಾಡಿಸಿದವರು 25 ಮಂದಿ ಎಎನ್‌ಎಂ. ಕೂಸು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೊಗ್ರಾಂ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ.

ಈಗ ಕಷ್ಟದ ಪ್ರಶ್ನೆ: ಎಷ್ಟು ರಕ್ತ ಹೋಯಿತು ಎಂದು ಹೇಳುವುದು ಹೇಗೆ? ಹಾಸಿದ ಗೋಣಿತಟ್ಟು ಹೀರುತ್ತದೆ, ಹಳೆ ಸೀರೆ ಹೀರುತ್ತದೆ, ನೆಲ ಹೀರುತ್ತದೆ. ನುರಿತ ಕಣ್ಣೂ ಕಡಿಮೆಯೇ ಹೇಳುತ್ತದೆ. ಅದಕ್ಕೆ ಅವರು ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ತಾಯಿಯ ನಡುವಿಗೆ ಕಟ್ಟಿ ಕೆಳಗೆ ಹರಡುವಂಥದ್ದು. ಅದರ ತುದಿ ಲಾಳಿಕೆಯ ಹಾಗೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ಏಳು ಜನ ಸೇರಿ ಮಾಡಿದ್ದರಿಂದ ಏಳೂ ಹೆಸರಿನ ಮೊದಲ ಅಕ್ಷರ ಕೂಡಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಟ್ಟರು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಅದೇ ಹಾಳೆಯನ್ನು ಕಣ್ಣಂದಾಜಿಗೆ ಎದುರಾಗಿ ಇಟ್ಟು ನೋಡಿದಾಗ ಕಣ್ಣು ಹೇಳಿದ್ದು ಹಾಳೆ ತೋರಿಸಿದ್ದಕ್ಕಿಂತ ಶೇ 33ರಷ್ಟು ಕಡಿಮೆ. ಮೂರರಲ್ಲಿ ಒಂದು ಪಾಲು ರಕ್ತವನ್ನು ಕಣ್ಣು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಫಲಿತಾಂಶ 2006ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ 12 ಮಂದಿಗೆ ರಕ್ತಸ್ರಾವ, ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಶೇ 6.4. ಒಂದು ಲೀಟರ್ ದಾಟುವ ತೀವ್ರ ಸ್ರಾವ ಶೇ 1.2ರಿಂದ 0.2ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆ ಗೆರೆಯ ಹಾಳೆಯ ಕಥೆ ಇನ್ನೂ ಮುಂದಕ್ಕೆ ಹೋಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅಂಥ ಹಾಳೆಯಿಂದ ರಕ್ತ ಅಳೆದು ಕೂಡಲೇ ಚಿಕಿತ್ಸೆ ಕೊಟ್ಟಾಗ ತೀವ್ರ ಸ್ರಾವ ಮತ್ತು ಅದರ ಅನಾಹುತ ಶೇ 60ರಷ್ಟು ಕಡಿಮೆಯಾದದ್ದು 2023ರಲ್ಲಿ ಪ್ರಕಟವಾಗಿದೆ.

ವೈದ್ಯರ ಹೆಸರು ಪ್ರಬಂಧದ ತಲೆಯ ಮೇಲಿದೆ, ಇರಬೇಕಾದದ್ದೇ. ಆದರೆ ಲಾಟೀನಿನ ಬೆಳಕಿಗೆ ಆ ಚೀಲ ಎತ್ತಿ ಹಿಡಿದು ಗೆರೆ ಓದಿದ 25 ಜನ ಹೆಂಗಸರಿಗೆ ಎಎನ್‌ಎಂ ಸಾಲಿಯ ಓದೇ ಬಂಡವಾಳವಾಗಿತ್ತು. ಲಾಟೀನು ಎಂಬುದು ನನ್ನ ಊಹೆ. ಆ ವರ್ಷಗಳ ನಮ್ಮ ಹಳ್ಳಿಯ ಕರೆಂಟು ಕಂಡವರು ಇದನ್ನು ಅತಿಶಯೋಕ್ತಿ ಎನ್ನಲಾರರು. ನಾದಿನಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ: “ಅವ್ರೂ ಪಿಯುಸಿ ಆರ್ಟ್ಸ್ ಇದ್ದಿರಬೇಕಲ್ರಿ?”

ಖಾನಾಪುರಕ್ಕೆ ಇಂಥ ಹೆಂಗಸರು ಎಷ್ಟು ಬೇಕು ಎಂಬುದು ನಕಾಶೆ ನೋಡಿದರೆ ತಿಳಿಯುತ್ತದೆ. ಬೆಳಗಾವಿಯಿಂದ ಖಾನಾಪುರ ಪಟ್ಟಣ 26 ಕಿ.ಮೀ., ಬಸ್ಸೂ ಇದೆ, ರೈಲೂ ಇದೆ. ಕಷ್ಟ ಇರುವುದು ಅಲ್ಲಿಂದ ಆಚೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ದಟ್ಟ ಕಾಡು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದ ಒಳಗೂ ಸುತ್ತಲೂ ಗವ್ವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ದೇಗಾಂವ, ಆಮಗಾಂವ ಎಂಬ ಊರುಗಳು. ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. 2024ರ ಮಳೆಗಾಲದಲ್ಲಿ ಅಲ್ಲಿಂದ ಒಬ್ಬ ಹೆಂಗಸನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು, ಹಳ್ಳ ದಾಟಿಸಿ, ಆಂಬುಲೆನ್ಸ್ ಬರುವ ಜಾಗದವರೆಗೆ ಊರವರು ನಡೆದ ದೃಶ್ಯವನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೀರಿ. 2008ರಲ್ಲಿ ಬಂದ 108 ಗಾಡಿಗೆ ಚಕ್ರಗಳಿವೆ, ರಸ್ತೆ ಬೇಕು. ನಡೆದು ಹೋಗಬಲ್ಲ ನರ್ಸಿಗೆ ಕಾಲುದಾರಿ ಸಾಕು. ಗುಡ್ಡಗಾಡಿನಲ್ಲಿ 3,000 ಜನರಿಗೆ, ಬಯಲಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಕಾಡಿನ ಊರುಗಳಲ್ಲಿ ಆ 3,000 ಜನ ಕೂಡಬೇಕಾದರೆ ಎಷ್ಟು ಹಳ್ಳ ದಾಟಬೇಕು ಎಂಬುದು ಆ ಲೆಕ್ಕದಲ್ಲಿಲ್ಲ.

ಇನ್ನು ಭಾಷೆ. ಖಾನಾಪುರದ ಸಿಸ್ಟರ್ ಬೀಡಿ, ಕಕ್ಕೇರಿ ಕಡೆ ‘ಎಲ್ಲಿ ನೋವಾಗ್ತದವಾ?’ ಎಂದು ಕೇಳಬೇಕು, ಪಟ್ಟಣದ ಅಕ್ಕಪಕ್ಕದಲ್ಲಿ ‘ಕುಠೇ ದುಖತಂಯ?’ ಅನ್ನಬೇಕು, ಗೋವಾ ಗಡಿಯ ಊರುಗಳಲ್ಲಿ ಕೊಂಕಣಿಯ ಛಾಯೆಯ ಮರಾಠಿಗೆ ಕಿವಿ ಕೊಡಬೇಕು. ನೆತ್ತರು, ಬಸುರು, ಬಾಣಂತನದ ಮಾತನ್ನು ಹೆಂಗಸು ತನ್ನ ಮನೆಮಾತಿನಲ್ಲಿ ಮಾತ್ರ ಬಿಚ್ಚಿ ಹೇಳುತ್ತಾಳೆ. ಗಡಿ ಜಗಳದಲ್ಲಿ ಬೋರ್ಡಿಗೆ ಮಸಿ ಬಳಿಯುವವರು ಇದೇ ತಾಲ್ಲೂಕಿನಲ್ಲಿದ್ದಾರೆ, ಒಂದೇ ಬೆಳಿಗ್ಗೆಯಲ್ಲಿ ಮೂರು ಭಾಷೆಯಲ್ಲಿ ಹೊಟ್ಟೆನೋವು ಕೇಳುವವರೂ ಇದ್ದಾರೆ. ನಾದಿನಿ ಹುಟ್ಟಿದ್ದು ಕನ್ನಡದ ಮನೆಯಲ್ಲಿ, ಕೊಟ್ಟದ್ದು ಮರಾಠಿ ಮಾತಾಡುವ ಓಣಿಗೆ. ಪಠ್ಯದಲ್ಲಿ ಸಿಗದ ಈ ಅರ್ಹತೆಯನ್ನು ಅವಳು ಬಿಟ್ಟಿಯಾಗಿ ಸಂಪಾದಿಸಿದ್ದಾಳೆ.

ದಾರಿಯಲ್ಲಿ ಗುಂಡಿಗಳೂ ಇವೆ. ಹೋದ ವರ್ಷ ಅವಳು ಬೆಳಗಾವಿಯಲ್ಲಿ ಒಂದು ಬೋರ್ಡು ನೋಡಿ ಮೆಟ್ಟಿಲು ಹತ್ತಿದ್ದಳು. ‘ಆರು ತಿಂಗಳಲ್ಲಿ ನರ್ಸಿಂಗ್, ನೂರಕ್ಕೆ ನೂರು ನೌಕರಿ.’ ಹೆಸರು ಬೇಡ. ಒಂದು ಕೋಣೆ, ಹನ್ನೆರಡು ಕುರ್ಚಿ, ಗೋಡೆಗೆ ಎಲುಬುಗೂಡಿನ ಚಿತ್ರ. ಮುಂಗಡ ಎಂದು ಕಿವಿಯೋಲೆ ಒತ್ತೆ ಇಟ್ಟ ದುಡ್ಡು ಕಟ್ಟಿ ಬಂದಳು, ಎರಡು ತಿಂಗಳಾದ ಮೇಲೆ ‘ಪರಿಷತ್ತಿನ ನೋಂದಣಿ ಸಿಗ್ತದೇನ್ರಿ?’ ಎಂದು ಕೇಳಿದಾಗ ‘ಅದೆಲ್ಲ ಸರ್ಕಾರಿ ನೌಕರಿಗೆ ಬೇಕಾಗ್ತದ’ ಎಂಬ ಉತ್ತರ ಬಂತು. ದುಡ್ಡು ವಾಪಸು ಬರಲಿಲ್ಲ. ಆಸ್ಪತ್ರೆ ಸಹಾಯಕಿ, ಮನೆ ಆರೈಕೆ ಸಹಾಯಕಿ ಎಂಬ ಕೆಲ ತಿಂಗಳ ಕೋರ್ಸುಗಳು ಇವೆ, ಪ್ರಾಮಾಣಿಕವಾಗಿ ಕಲಿಸುವವರೂ ಇದ್ದಾರೆ, ಅದರಿಂದ ಹೊಟ್ಟೆಪಾಡೂ ನಡೆಯುತ್ತದೆ. ಆದರೆ ಅದನ್ನು ಓದಿದವಳು ಸಹಾಯಕಿ, ನರ್ಸಲ್ಲ. ಸೂಜಿ ಹಾಕುವ ಅಧಿಕಾರ ಅವಳಿಗಿಲ್ಲ, ಅನಾಹುತವಾದರೆ ಹೊಣೆ ಮಾತ್ರ ಅವಳ ತಲೆಗೆ. ಹಣ ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಶಾಲೆಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೆ ಇದೆಯೇ? ಪತ್ರ ತೋರಿಸಿ ಎನ್ನಿ. ಹೋದ ವರ್ಷದ ಪತ್ರವಲ್ಲ, ಈ ವರ್ಷದ್ದು.

ಎರಡು ವರ್ಷ ಕೈಯಲ್ಲಿ ಕಾಸಿಲ್ಲದೆ ಕಳೆಯುವುದು ಬೇರೆ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಬಿಟ್ಟಿ, ಅದು ದೊಡ್ಡ ಆಸರೆ. ಆದರೆ ರಾತ್ರಿ ಪಾಳಿ ಬಂದಾಗ ಹಾಸ್ಟೆಲಿನಲ್ಲೇ ಇರಬೇಕು, ಆರನೇತ್ತೆ ಓದುವ ಮಗನಿಗೆ ರೊಟ್ಟಿ ಬಡಿದು ಕೊಡುವವರು ಬೇಕು. ಅತ್ತೆ ಏನೂ ಅಂದಿಲ್ಲ ಎಂಬ ಮಾತಿನ ತೂಕ ಇಲ್ಲಿದೆ. ಕೋರ್ಸು ಮುಗಿದ ಮೇಲೂ ಹಾದಿ ಸಲೀಸಲ್ಲ. ಸರ್ಕಾರಿ ನೇಮಕಾತಿ ಯಾವಾಗಲೋ ಒಮ್ಮೆ ಕರೆಯುತ್ತಾರೆ, ಬಹಳ ಜನ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ಎಎನ್‌ಎಂ ಎಂದರೆ ಸಂಬಳದಲ್ಲಿ ಕೊನೆಯ ಸಾಲು, ಕೆಲಸದಲ್ಲಿ ಮೊದಲ ಸಾಲು. ಇದನ್ನೆಲ್ಲ ಮುಚ್ಚಿಟ್ಟು ‘ಹೋಗವಾ, ಛಲೋ ಆಗ್ತದ’ ಎಂದು ಬೆನ್ನು ತಟ್ಟುವುದು ಮೋಸ. ನಾನು ಎಲ್ಲ ಹೇಳಿದೆ. ಹಳೆ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಇಬ್ಬರೂ ಕೂತು ಬರೆದೆವು: ಫೀಸು, ಮಗನ ಟ್ಯೂಷನ್ನು, ಸಂಘದ ಸಾಲದ ಕಂತು, ಟೆಂಪೊ ಕಂತು. ಕೂಡಿಸಿದಾಗ ತಿಂಗಳಿಗೆ ಕಡಿಮೆ ಬೀಳುವ ದುಡ್ಡು ಎಷ್ಟೆಂದು ಅಂಕಿಯಲ್ಲೇ ಕಂಡಿತು. ಅದುವರೆಗೆ ‘ಹೆಂಗರ ಆಗ್ತದ’ ಅನ್ನುತ್ತಿದ್ದವಳು ಅಂಕಿ ಕಂಡ ಮೇಲೆ ಅಂಜಲಿಲ್ಲ, ಇನ್ನೂ ಗಟ್ಟಿಯಾದಳು. ಒಂದು ಎಮ್ಮೆ ಮಾರಿದರೆ ಮೊದಲ ವರ್ಷ ದಾಟುತ್ತದೆ, ಎರಡನೇ ವರ್ಷಕ್ಕೆ ಅಣ್ಣ ನೋಡಲಿ ಎಂದಳು. ಆ ಅಣ್ಣ ನನ್ನ ಗಂಡ. ಅವರೂ ‘ನೋಡೋಣ’ ಎಂದಿದ್ದಾರೆ.

ಈಗ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ 97 ಎಂದು 2019-21ರ ಸಮೀಕ್ಷೆ ಹೇಳುತ್ತದೆ. ಹಾಗಾದರೆ ಹಳ್ಳಿಗೆ ಎಎನ್‌ಎಂ ಇನ್ನೂ ಯಾಕೆ ಎಂದು ಕೇಳುವವರಿದ್ದಾರೆ. ಆಸ್ಪತ್ರೆಗೆ ಹೊರಡಬೇಕಾದ ಹೊತ್ತು ಯಾವುದು ಎಂದು ಮನೆಬಾಗಿಲಲ್ಲಿ ನಿಂತು ಹೇಳುವವರು ಯಾರು? ರಕ್ತದೊತ್ತಡ 140/90 ಮುಟ್ಟಿದೆ, ಕಾಲು ಬಾತಿದೆ, ಮುಂದಿನ ವಾರದವರೆಗೆ ಕಾಯಬೇಡಿ ಎಂದು ಹೇಳುವವರು? ಹೆತ್ತು ಮೂರು ದಿನಕ್ಕೆ ಮನೆಗೆ ಬಂದ ಬಾಣಂತಿಯ ಜ್ವರ ಅಳೆಯುವವರು? ಲಕ್ವಾ ಹೊಡೆದ ಮುದುಕರು, ಸಕ್ಕರೆ ಕಾಯಿಲೆಯ ಕಾಲುಹುಣ್ಣು, ಇವೆಲ್ಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಥೆಗಳು. ಮಕ್ಕಳು ಪುಣೆಗೆ, ಗೋವಾಕ್ಕೆ, ಬೆಂಗಳೂರಿಗೆ ಹೋದ ಮನೆಗಳಲ್ಲಿ ಮುಂದಿನ ಇಪ್ಪತ್ತು ವರ್ಷ ಬೇಕಾಗುವುದು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ತಾಸು ಬರೆಯುವ ಕೈಯೇ.

ಸಂಜೆ ಬಸ್ಸಿಗೆ ಅವಳನ್ನು ಬಿಡಲು ಸೆಂಟ್ರಲ್ ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಆಟೊದವನಿಗೆ ಸಿವಿಲ್ ಹಾಸ್ಪಿಟಲ್ ಮುಂದಿನಿಂದ ಹೋಗಲು ಹೇಳಿದೆವು. ಪಾಳಿ ಬದಲಾಗುವ ಹೊತ್ತು. ಹೆಗಲಿಗೆ ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದ ಹುಡುಗಿಯರ ಗುಂಪು ಗೇಟಿನಿಂದ ಹೊರಬರುತ್ತಿತ್ತು. ಅವರ ನಡುವೆ ತಲೆ ನರೆತ ಒಬ್ಬರು ಮಳೆಗೆ ಕೊಡೆ ಬಿಚ್ಚಿದರು. ನಾದಿನಿ ಅವರನ್ನೇ ನೋಡಿದಳು, ಹುಡುಗಿಯರನ್ನಲ್ಲ.

ಹೋದ ವಾರ ಫೋನ್ ಬಂತು. ಅವಳ ಅತ್ತೆ ಬಾಯಿ ಬಿಟ್ಟಿದ್ದಾರಂತೆ: “ರೊಟ್ಟಿ ನಾ ಬಡೀತೀನಿ, ನೀ ಹೋಗು.” ಅರ್ಜಿ ತುಂಬಿಯಾಗಿದೆ. ಜನ್ಮ ದಿನಾಂಕದ ಚೌಕದಲ್ಲಿ ಜೂನ್ 1 ಎಂದೇ ಬರೆದಿದ್ದಾಳೆ.